ಊರ ಕೆರೆಯಲ್ಲಿ ದೋಣಿ ಬಿಡುವ ಮುನ್ನ ಯುಗಾದಿಯ ನೀರು ನೋಡಿ

ದೀಪಾವಳಿ ಹೊತ್ತಿಗೆ ಕೆರೆ ಕೋಡಿ ಬಿದ್ದಿರುತ್ತದೆ. ಏರಿ ಮೇಲೆ ನಿಂತವರಿಗೆಲ್ಲ ಒಂದೇ ಆಸೆ, ಇಲ್ಲಿ ದೋಣಿ ಬಿಟ್ಟರೆ ಎಷ್ಟು ಚೆನ್ನ ಅಲ್ವಾ ಅಂತ. ಗ್ರಾಮಸಭೆಯಲ್ಲಿ ಮಾತಾಗುತ್ತದೆ. ಅಂದಾಜುಪಟ್ಟಿ ತಯಾರಾಗುತ್ತದೆ. ನೀರಿನ ಅಂಚಿಗೆ ಕಾಂಕ್ರೀಟ್ ಮೆಟ್ಟಿಲು ಏಳುತ್ತದೆ, ದೋಣಿಗಳೂ ಬರುತ್ತವೆ. ಯುಗಾದಿ ಹೊತ್ತಿಗೆ ನೋಡಿದರೆ ನೀರು ಎಲ್ಲೋ ದೂರ, ಮೆಟ್ಟಿಲು ಬಿರುಕು ಬಿಟ್ಟ ಕೆಸರಿನ ನಡುವೆ. ಇದನ್ನು ನಾನು ಒಂದಲ್ಲ, ನಾಲ್ಕು ಕೆರೆಗಳಲ್ಲಿ ಕಂಡಿದ್ದೇನೆ. ಹಾಳಾದದ್ದು ಊರವರ ದುಡ್ಡು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಕೆರೆ ಯಾರದು?

ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಂಚಾಯಿತಿಯ ಸುಪರ್ದಿ. 40ರಿಂದ 2000 ಹೆಕ್ಟೇರ್ ಆದರೆ ಸಣ್ಣ ನೀರಾವರಿ ಇಲಾಖೆಯದು. ಅಂದಾಜುಪಟ್ಟಿಗೆ ಮೊದಲೇ ಒಪ್ಪಿಗೆ ಪತ್ರ ಕೈಯಲ್ಲಿರಲಿ. ಮೀನಿನ ಗುತ್ತಿಗೆ ಯಾರ ಹೆಸರಲ್ಲಿದೆ ಅಂತಲೂ ಕೇಳಿ. ಮೀನುಗಾರರ ಸಂಘದವರನ್ನು ಮೊದಲ ದಿನವೇ ಜತೆಗೆ ಕೂರಿಸಿಕೊಳ್ಳಿ, ಆಮೇಲೆ ಅವರೇ ನಿಮ್ಮ ದೊಡ್ಡ ಬಲ.

ಚಳಿಗಾಲದಲ್ಲಿ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುವ ಕೆರೆಯಾದರೆ ದಯವಿಟ್ಟು ಈ ಯೋಚನೆ ಬಿಡಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅದು 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಕೆರೆ ತುಂಬಿರುವ ತಿಂಗಳು, ಹಕ್ಕಿ ಇರುವ ತಿಂಗಳು ಎರಡೂ ಒಂದೇ. ಅಂಥಲ್ಲಿ ದೋಣಿ ಬೇಡವೇ ಬೇಡ.

ಎರಡನೆಯದು: ನೀರಿನ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ಕೆರೆಯ ಅಳತೆಯನ್ನು ತುಂಬಿದಾಗ ಮಾಡಬೇಡಿ, ಏಪ್ರಿಲ್‌ನಲ್ಲಿ ಮಾಡಿ. ಆಗ ಅಂಗಳ ಕಾಣುತ್ತದೆ, ನಡೆದುಕೊಂಡೇ ನೋಡಬಹುದು. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ, ಹೂಳೆತ್ತುವಾಗ ಜೆಸಿಬಿ ಬಿಟ್ಟುಹೋದ ಕಂದಕ, ಹಳೆಯ ಬಾವಿ ಎಲ್ಲ ಕಣ್ಣಿಗೆ ಬೀಳುತ್ತವೆ. ನೀರು ತುಂಬಿದ ಮೇಲೆ ಇವೇ ಜೀವ ತೆಗೆಯುವ ಜಾಗಗಳು. ಸೊಂಟದುದ್ದ ನೀರು ಅಂದುಕೊಂಡು ಇಳಿದವನಿಗೆ ಇನ್ನೊಂದು ಹೆಜ್ಜೆಗೆ ಎರಡಾಳುದ್ದ ಸಿಗುತ್ತದೆ. ಪ್ರತಿ ಗುಂಡಿಯನ್ನೂ ನಕ್ಷೆಯಲ್ಲಿ ಗುರುತಿಸಿ. ಮುಚ್ಚಲು ಆಗುವುದನ್ನು ಮುಚ್ಚಿ. ಉಳಿದವುಗಳ ಸುತ್ತ ಬೇಸಿಗೆಯಲ್ಲೇ ಕಲ್ಲು ಹುಗಿದು ಹಗ್ಗ ಕಟ್ಟಿಡಿ, ಮಳೆಗಾಲದಲ್ಲಿ ಅದಕ್ಕೆ ತೇಲುಬುಂಡೆ ಸೇರಿಸಿ.

ಆಮೇಲೆ ಮೂರು ಗೆರೆ ಎಳೆಯಿರಿ: ಕೋಡಿ ಬಿದ್ದಾಗಿನ ಅಂಚು, ಸಂಕ್ರಾಂತಿಯ ಅಂಚು, ಯುಗಾದಿಯ ಅಂಚು. ಒಂದು ವರ್ಷದ ನೆನಪು ಸಾಲದು. ಗದ್ದೆಗೆ ನೀರು ಬಿಡುವ ನೀರುಗಂಟಿಯನ್ನು ಕೇಳಿ, ಬಲೆ ಬೀಸುವವರನ್ನು ಕೇಳಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಅವನ್ನೂ ಒಂದೊಂದಾಗಿ ನೋಡಿ. ಬಯಲುಸೀಮೆಯಲ್ಲಿ ಯಾರೂ ತೂಬು ಎತ್ತದಿದ್ದರೂ ಬರೀ ಬಿಸಿಲಿಗೇ ವರ್ಷಕ್ಕೆ ಒಂದು ಮೀಟರಿಗೂ ಜಾಸ್ತಿ ನೀರು ಆವಿಯಾಗುತ್ತದೆ. ಮೇಲೆ ಗದ್ದೆಗೆ ಬಿಡುವ ನೀರು ಬೇರೆ. ಅದು ರೈತರ ಹಕ್ಕು. ದೋಣಿಗೋಸ್ಕರ ತೂಬು ಮುಚ್ಚಿ ಅಂತ ಕೇಳಲೇಬೇಡಿ.

ಈಗ ಇಳಿಜಾರು ನೋಡಿ. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಸಾಕು. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ದಡದಲ್ಲಿ ನೀರು ಒಂದು ಮೀಟರ್ ತಗ್ಗಿದರೆ ಅಂಚು ನೂರು ಮೀಟರ್ ಹಿಂದೆ ಸರಿಯುತ್ತದೆ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಕಡೆ ಬರೀ ಹತ್ತೇ ಮೀಟರ್. ನಿಮ್ಮ ಜಾಗ ಈ ಎರಡನೆಯದು. ಆದರೆ ಕಡಿದಾದ ದಡ ಅಂತ ಏರಿಯನ್ನೇ ಆರಿಸಿಕೊಳ್ಳಬೇಡಿ. ಏರಿಯ ಕಲ್ಲುಕಟ್ಟು ಬಿಚ್ಚಿ ಕಂಬ ನೆಡುವುದೆಂದರೆ ಕೆರೆಯನ್ನೇ ಅಪಾಯಕ್ಕೆ ಒಡ್ಡಿದ ಹಾಗೆ. ತೂಬು, ಕೋಡಿಗಳ ಹತ್ತಿರವೂ ಬೇಡ, ನೀರು ಅಲ್ಲಿ ಎಳೆಯುತ್ತದೆ. ಗಾಳಿಗೆ ಜೊಂಡು, ಅಂತರಗಂಗೆ ಬಂದು ಸೇರುವ ದಡವನ್ನೂ ಬಿಡಿ.

ಮೂರನೆಯದು: ಹತ್ತಿ ಇಳಿಯುವ ಜಾಗ

ಕಾಂಕ್ರೀಟ್ ಜೆಟ್ಟಿ ಬೇಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಏರಿಳಿಯುವ ನೀರಿಗೆ ಅಲುಗಾಡದ ಮೆಟ್ಟಿಲು ಹೊಂದುವುದಿಲ್ಲ. ಕೋಡಿಯ ಗೆರೆಯಿಂದ ಯುಗಾದಿಯ ಗೆರೆವರೆಗೆ ಬೇಸಿಗೆಯಲ್ಲೇ ಚಪ್ಪಡಿ ಕಲ್ಲಿನ ದಾರಿ ಹಾಸಿ. ಆ ದಾರಿ ನೀರಿಗೆ ಮುಟ್ಟುವ ಕಡೆ ತೇಲುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಜೋಡಿಸಿದ ಜೆಟ್ಟಿ ಇಡಿ. ನೀರು ಹಿಂದೆ ಸರಿದಂತೆ ನಾಲ್ಕು ಜನ ಸೇರಿ ಅದನ್ನು ತಳ್ಳಿಕೊಂಡು ಹೋಗಬಹುದು. ಸರಪಳಿಯನ್ನು ವಾರಕ್ಕೊಮ್ಮೆ ಸಡಿಲಿಸಿ ಇಲ್ಲವೇ ಬಿಗಿ ಮಾಡಿ. ಜೆಟ್ಟಿಯ ಮುಂದೆ ಯಾವಾಗಲೂ ಒಂದು ಮೀಟರ್ ಆಳ ಇರಬೇಕು.

ದಡದಿಂದ ಜೆಟ್ಟಿಗೆ ಹೋಗುವ ಕಿರುಸೇತುವೆಯ ಉದ್ದದಲ್ಲೂ ಜನ ತಪ್ಪುತ್ತಾರೆ. ಗಾಲಿಕುರ್ಚಿ ಹೋಗಬೇಕಾದರೆ 12ಕ್ಕೆ 1ರ ಇಳಿಜಾರು ಬೇಕು. ಅರ್ಧ ಮೀಟರ್ ಎತ್ತರಕ್ಕೆ ಆರು ಮೀಟರ್ ಉದ್ದ. ಎರಡು ಮೀಟರಿನ ಹಲಗೆ ಇಟ್ಟರೆ ವಯಸ್ಸಾದವರು ಜಾರಿ ಬೀಳುತ್ತಾರೆ.

ದೋಣಿ

ಹುಟ್ಟು ಹಾಕುವ ದೋಣಿ, ಪೆಡಲ್ ದೋಣಿ, ನುರಿತ ಅಂಬಿಗರಿದ್ದರೆ ಹರಿಗೋಲು. ಇಷ್ಟೇ. ಹಂಸದ ಕುತ್ತಿಗೆಯ ಎತ್ತರದ ದೋಣಿ ನೋಡಲು ಚಂದ, ಗಾಳಿ ಬಂದರೆ ಅದನ್ನು ತಿರುಗಿಸಲು ಆಗುವುದಿಲ್ಲ. ಮೋಟಾರ್ ದೋಣಿ ರಕ್ಷಣೆಗೆ ಒಂದು ಸಾಕು. 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಜಲನೌಕೆ ಕಾಯ್ದೆಯ ಪ್ರಕಾರ ಯಂತ್ರದ ದೋಣಿಗೆ ತಪಾಸಣೆ, ನೋಂದಣಿ ಎಲ್ಲ ಬೇಕು. ಬಲೆಗೆ ಸಿಕ್ಕಿಕೊಳ್ಳುವ ತೊಂದರೆ ಬೇರೆ.

ಲೈಫ್ ಜಾಕೆಟ್

ಅಗ್ಗದ ಜಾಕೆಟ್ ಒಳಗೆ ಥರ್ಮಕೋಲ್ ಚೂರು ತುಂಬಿರುತ್ತಾರೆ. ಒಂದು ಹಂಗಾಮಿಗೇ ಪುಡಿಯಾಗುತ್ತದೆ. ಜಾಕೆಟ್ ಎಷ್ಟು ಭಾರ ತೇಲಿಸುತ್ತದೆ ಅನ್ನುವುದರ ಅಳತೆ ನ್ಯೂಟನ್. '50 ನ್ಯೂಟನ್' ಅಂತ ಬರೆದದ್ದು ಈಜು ಬರುವವರಿಗೆ ಮಾತ್ರ. ನಮ್ಮ ಜನರಿಗೆ 100 ನ್ಯೂಟನ್‌ನದೇ ಬೇಕು. ಮಕ್ಕಳ ಅಳತೆಯವು ಬೇರೆ ಇರಲಿ, ತೊಡೆಸಂದಿಯ ಪಟ್ಟಿ ಸಮೇತ. ಕೊಳ್ಳುವ ಮುಂಚೆ ಒಂದನ್ನು ಪರೀಕ್ಷಿಸಿ: 10 ಕೆಜಿ ಕಬ್ಬಿಣದ ತೂಕದ ಕಲ್ಲು ಕಟ್ಟಿ ತೊಟ್ಟಿಗೆ ಬಿಡಿ. ದೊಡ್ಡವರ 100 ನ್ಯೂಟನ್ ಜಾಕೆಟ್ ಆದರೆ ಮಾರನೆಯ ದಿನವೂ ತೇಲುತ್ತಿರಬೇಕು. ಮುಳುಗಿದರೆ ಆ ಸರಕನ್ನು ಪೂರ್ತಿ ವಾಪಸು ಕಳಿಸಿ.

2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಹೋದರು. ಸಾಮರ್ಥ್ಯ ಮೀರಿ ಜನ ಹತ್ತಿಸಿದ್ದರು, ಎಲ್ಲ ಮಕ್ಕಳಿಗೂ ಜಾಕೆಟ್ ಇರಲಿಲ್ಲ. ಕೆರೆ ಮಹಾನಗರಪಾಲಿಕೆಯದು, ನಡೆಸುತ್ತಿದ್ದದ್ದು ಖಾಸಗಿ ಗುತ್ತಿಗೆದಾರರು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿ ಸುರಕ್ಷತೆಗೆ 2017ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಅದನ್ನು ಇಳಿಸಿಕೊಂಡು ಓದಿ, ಒಪ್ಪಂದದ ಭಾಗ ಮಾಡಿ. ಗುತ್ತಿಗೆಗೆ ಕೊಟ್ಟರೂ ಜಾಕೆಟ್ ಎಣಿಸುವವರು, ಜನ ಎಣಿಸುವವರು ನಿಮ್ಮ ಕಡೆಯವರೇ ಆಗಿರಲಿ. ಪ್ರತಿ ದೋಣಿಯ ಮೇಲೂ ಎಷ್ಟು ಜನ ಅಂತ ದೊಡ್ಡ ಕನ್ನಡ ಅಂಕಿಯಲ್ಲಿ ಬರೆಸಿ.

ದುಡ್ಡು

ಕಟ್ಟುವ ದುಡ್ಡು ಒಂದು, ನಡೆಸುವ ದುಡ್ಡು ಇನ್ನೊಂದು. ಕಟ್ಟುವುದಕ್ಕೆ ದಾರಿಗಳಿವೆ. ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಚಪ್ಪಡಿ ದಾರಿ, ನೆರಳು, ಟಿಕೆಟ್ ಕೋಣೆಯಂಥ ಬಾಳಿಕೆಯ ಕೆಲಸಕ್ಕೆ ಅಲ್ಲಿ ಅರ್ಜಿ ಹಾಕಿ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂಥ ಮೀಸಲು ಹಣಕ್ಕೆ ದೋಣಿಗಾಗಿ ಕೈ ಹಾಕಬೇಡಿ. ಕೆರೆ ಬಳಿಯ ಶೌಚಾಲಯವನ್ನು ಅದರಲ್ಲಿ ಸೇರಿಸಬಹುದೇ ಅಂತ ಮಾತ್ರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜತೆ ಕೂತು ನೋಡಿ.

ನಡೆಸುವ ದುಡ್ಡನ್ನು ಯಾರೂ ಕೊಡುವುದಿಲ್ಲ. ಒಂದು ಲೆಕ್ಕ ಹಾಕೋಣ. ಐದು ತಿಂಗಳ ಹಂಗಾಮು, ಟಿಕೆಟ್ 50 ರೂಪಾಯಿ. ಶನಿವಾರ, ಭಾನುವಾರ ಸೇರಿ 44 ದಿನ, ದಿನಕ್ಕೆ 120 ಜನ ಅಂದುಕೊಂಡರೆ 2,64,000 ರೂಪಾಯಿ. ಉಳಿದ 108 ದಿನ ದಿನಕ್ಕೆ ಹತ್ತು ಜನ ಬಂದರೆ 54,000. ಒಟ್ಟು 3,18,000. ನಾಲ್ಕು ಜನರಿಗೆ ತಿಂಗಳಿಗೆ 15,000ದಂತೆ ಸಂಬಳ ಕೊಟ್ಟರೆ ಅದೇ 3,00,000 ಆಯಿತು. ವಿಮೆ, ರಿಪೇರಿಗೆ ಉಳಿಯುವುದು ಬರೀ 18,000.

ಅದೇ ವಾರಾಂತ್ಯ ಮಾತ್ರ ನಡೆಸಿ, ಮೀನುಗಾರರ ಸಂಘದ ನಾಲ್ವರಿಗೆ ದಿನಕ್ಕೆ 800 ರೂಪಾಯಿ ಕೂಲಿ ಕೊಡಿ. 1,40,800 ಹೋಗಿ 1,23,200 ಉಳಿಯುತ್ತದೆ. ಅವರಿಗೆ ಈಜು ಗೊತ್ತು, ಕೆರೆ ಗೊತ್ತು. ಜೀವರಕ್ಷಕ ತರಬೇತಿಗೆ ಅವರಲ್ಲಿ ಇಬ್ಬರನ್ನು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಗೆ ಕಳಿಸಿ. ಉಳಿಕೆ ಹಣ ಬೇರೆ ಖಾತೆಯಲ್ಲಿರಲಿ. ಪಂಚಾಯಿತಿಯ ಸಾಮಾನ್ಯ ಖಾತೆಗೆ ಸೇರಿದರೆ ದೋಣಿಯ ಬಿರುಕು ಮುಚ್ಚಲು ಮುಂದಿನ ವರ್ಷ ಕಾಸು ಸಿಗುವುದಿಲ್ಲ.

ಹಂಗಾಮು ಮುಗಿದ ಮೇಲೆ

ಜೆಟ್ಟಿಯ ಮುಂದೆ ಆಳ ಒಂದು ಮೀಟರಿಗಿಂತ ಕಮ್ಮಿಯಾಗಿ, ಜೆಟ್ಟಿ ತಳ್ಳಲೂ ಜಾಗ ಇಲ್ಲ ಅಂದ ದಿನ ಟಿಕೆಟ್ ನಿಲ್ಲಿಸಿ. ದೋಣಿಗಳನ್ನು ದಡಕ್ಕೆ ಎಳೆದು ನೆರಳಲ್ಲಿ ಬೋರಲು ಹಾಕಿ. ಫೈಬರ್ ಬಿಸಿಲಿಗೆ ಬೇಗ ಸೀಳುತ್ತದೆ. ಜಾಕೆಟ್‌ಗಳನ್ನು ತೊಳೆದು ಒಣಗಿಸಿ, ಇಲಿ ಬಾರದ ಕಡೆ ತೂಗುಹಾಕಿ. ಆ ದಿನದ ನೀರಿನ ಅಂಚಿಗೆ ಒಂದು ಕಲ್ಲು ನೆಟ್ಟು ಅದರ ಮೇಲೆ ವರ್ಷ ಬರೆದಿಡಿ.