ಫೋಟೋದ ಮೈಗೆ ಹುಲಿಪಟ್ಟೆ: ಸ್ಟಿಕ್ಕರ್ ಬಿಂದಿಯಿಂದ ಆದ ಕೆಲಸ

ಈ ಸಲ ಅಷ್ಟಮಿಗೆ ಮೊದಲೇ ಎರಡು ಮೂರು ಹುಲಿವೇಷ ತಂಡದವರು ನನ್ನ ಸ್ಟುಡಿಯೋದಲ್ಲಿ ಡಿಸೈನ್ ಮಾಡಿಸಿಕೊಂಡು ಹೋದರು. ವೇಷ ಹಾಕುವವನ ಬರಿಮೈ ಫೋಟೋ ತೆಗೆಯುವುದು, ಫೋಟೋಶಾಪ್‌ನಲ್ಲಿ ಅದಕ್ಕೆ ಪಟ್ಟೆ ಕೂರಿಸುವುದು, ಬಣ್ಣ ಹಾಕಿದ ಮೇಲೆ ಹೇಗೆ ಕಾಣುತ್ತಾನೆ ಅಂತ ಮುಂಚೆಯೇ ತೋರಿಸುವುದು. ತ್ರೀಡಿ ಇಲ್ಲದೆ ಇದು ಆಗುವುದೇ ಇಲ್ಲ ಅಂತ ನಮ್ಮ ಲೈನಿನವರೆಲ್ಲ ಹೇಳಿದ್ದರು. ಆಯಿತು. ಲೇಯರ್, ಮಾಸ್ಕ್, ಸ್ಮಾರ್ಟ್ ಆಬ್ಜೆಕ್ಟ್ ಗೊತ್ತಿದ್ದವರಿಗಾಗಿ ಬರೆಯುತ್ತಿದ್ದೇನೆ. ಅದನ್ನೆಲ್ಲ ಮತ್ತೆ ವಿವರಿಸುವುದಿಲ್ಲ.

ಶುರುವಿಗೆ ನಾನೂ ಡಿಸ್‌ಪ್ಲೇಸ್‌ಮೆಂಟ್ ಮ್ಯಾಪನ್ನೇ ಹಿಡಿದೆ, ಅಂದರೆ ಫೋಟೋದ ನೆರಳು ಬೆಳಕು ನೋಡಿ ಪಟ್ಟೆಯನ್ನು ಆಚೀಚೆ ಜರುಗಿಸುವ ದಾರಿ. ಫೋಟೋವನ್ನು ಕಪ್ಪುಬಿಳುಪು ಮಾಡಿ, ಸ್ವಲ್ಪ ಬ್ಲರ್ ಕೊಟ್ಟು, ಪಿಎಸ್‌ಡಿಯಾಗಿ ಸೇವ್ ಮಾಡಿ, ಡಿಸ್‌ಪ್ಲೇಸ್ ಫಿಲ್ಟರ್ ಓಡಿಸುವುದು. ಬಾವುಟಕ್ಕೆ, ಟೀ ಶರ್ಟಿಗೆ ಚೆನ್ನಾಗಿ ಬರುತ್ತದೆ. ಮೈಗೆ ಬರುವುದಿಲ್ಲ. ಪಟ್ಟೆ ಅಲ್ಲಲ್ಲಿ ನಡುಗಿದ ಹಾಗೆ ಆಗುತ್ತದೆ, ಸುತ್ತಿಕೊಂಡ ಹಾಗೆ ಆಗುವುದಿಲ್ಲ. ಎದೆಯ ಮೇಲೆ ಒಂದು ಮಚ್ಚೆ ಇದ್ದರೆ ಫಿಲ್ಟರ್ ಅದನ್ನು ಗುಂಡಿ ಅಂತ ತಿಳಿಯುತ್ತದೆ. ಲೈಟ್ ಎಡಗಡೆ ಇದ್ದರೆ ಬಲಗಡೆಯ ಹೊಟ್ಟೆಯೆಲ್ಲ ಹಳ್ಳ. ಸ್ಕೇಲ್ 100 ಇಟ್ಟರೂ ಅದು ಜರುಗಿಸುವುದು ಹೆಚ್ಚೆಂದರೆ 128 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಫೋಟೋದಲ್ಲಿ ಹೊಟ್ಟೆಯ ಅಂಚಿಗೆ ಪಟ್ಟೆ ತಿರುಗಬೇಕಾದರೆ ಅದು ಏನೂ ಸಾಲದು.

ಬಣ್ಣ ಬರೆಯುವ ಅಣ್ಣ ಒಬ್ಬರಿಗೆ ಆ ಚಿತ್ರ ತೋರಿಸಿದೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಹುಲಿ ಬರೆದ ಕೈ ಅವರದು. ನೋಡಿದ ಕೂಡಲೇ ಹೇಳಿದರು: "ಇದು ಬರೆದದ್ದಲ್ಲ ಮಾರಾಯ, ಹುಲಿ ಬನಿಯನ್ ಹಾಕಿದ ಹಾಗೆ ಉಂಟು. ಪಟ್ಟೆ ಬೆನ್ನಿಗೆ ಹೋಗುವುದು ಎಲ್ಲಿ?"

ಅವರು ಬೆರಳಿಟ್ಟು ತೋರಿಸಿದ್ದು ಪಕ್ಕೆಯ ಅಂಚನ್ನು. ಇಡೀ ಕೆಲಸದ ಕಷ್ಟ ಇರುವುದು ಅಲ್ಲೇ. ತೋಳನ್ನೇ ತೆಗೆದುಕೊಳ್ಳಿ. ಎದುರಿನಿಂದ ಕಾಣುವ ತೋಳಿನ ನಡುವಿನಿಂದ ಅಂಚಿನವರೆಗೆ 90 ಡಿಗ್ರಿ. ಅದರಲ್ಲಿ ಕೊನೆಯ 30 ಡಿಗ್ರಿ ಚರ್ಮ ಫೋಟೋದಲ್ಲಿ ಕಾಣುವುದು ಅರ್ಧ ತೋಳಿನ ಅಗಲದ ಹೆಚ್ಚುಕಡಿಮೆ ಎಂಟನೇ ಒಂದು ಭಾಗದಲ್ಲಿ. ಮೂರನೇ ಒಂದು ಪಾಲು ಚರ್ಮ ಅಷ್ಟು ಸಣ್ಣ ಜಾಗಕ್ಕೆ ಒತ್ತಿಕೊಳ್ಳುತ್ತದೆ. ನೆರಳು ಬೆಳಕು ನೋಡಿ ಯಾವ ಫಿಲ್ಟರೂ ಇದನ್ನು ಕಂಡುಹಿಡಿಯುವುದಿಲ್ಲ. ಬೆಳಕು ಬೇರೆ, ಆಕಾರ ಬೇರೆ ಅಲ್ವಾ? ಆಕಾರವನ್ನು ನಾವೇ ಅಳೆದು ಕೊಡಬೇಕು.

ಅಳೆಯಲಿಕ್ಕೆ ದುಡ್ಡು ಸುಮಾರು ಹೋಯಿತು. ಒಬ್ಬರು ಮೈ ಸ್ಕ್ಯಾನ್ ಮಾಡಿ ಮಾಡೆಲ್ ಕೊಡಲಿಕ್ಕೆ ತಲೆಗೆ ಹದಿನೈದು ಸಾವಿರದ ಹತ್ತಿರ ಕೇಳಿದರು. ತಂಡದವರು ನನಗೆ ಕೊಡುವುದೇ ಒಂದು ಚಿತ್ರಕ್ಕೆ ಸಾವಿರದ ಲೆಕ್ಕದಲ್ಲಿ. ಒಂದು ಪ್ಲಗಿನ್‌ಗೆ ನಾಲ್ಕೈದು ಸಾವಿರ ಕೊಟ್ಟೆ. ಎದೆಗೆ ಪರವಾಗಿಲ್ಲ, ಎತ್ತಿದ ಕೈಗೆ ಏನೂ ಇಲ್ಲ. ಪ್ರೊಜೆಕ್ಟರ್ ಬಾಡಿಗೆಗೆ ತಂದು ಮೈಮೇಲೆ ಗೆರೆ ಬಿಟ್ಟೂ ನೋಡಿದೆ. ಕ್ಯಾಮೆರಾ ಪ್ರೊಜೆಕ್ಟರಿನ ಪಕ್ಕದಲ್ಲೇ ಇದ್ದರೆ ಗೆರೆ ನೆಟ್ಟಗೇ ಕಾಣುತ್ತದೆ, ಏನೂ ಗೊತ್ತಾಗುವುದಿಲ್ಲ. ಕ್ಯಾಮೆರಾ ಬದಿಗೆ ಸರಿಸಿದರೆ ಗೆರೆ ಬಾಗುತ್ತದೆ, ಆದರೆ ಆ ಬದಿಯ ನೋಟ ತಂಡದವರಿಗೆ ಬೇಡ. ಮೀನಿನ ಬಲೆ ಸುತ್ತಿಯೂ ನೋಡಿದೆ. ಬಲೆ ಹೊಕ್ಕುಳಿನ ಮೇಲೆ ಬಿಗಿದು ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಫ್ಯಾನ್ಸಿ ಸ್ಟೋರಿನ ಸ್ಟಿಕ್ಕರ್ ಬಿಂದಿ. ಉರುಟು ಬಿಂದಿ, ಒಂದೇ ಸೈಜು, ಹಸಿರು ಬಣ್ಣ. ನಾಲ್ಕು ಬೆರಳಿನ ಅಂತರಕ್ಕೆ ಒಂದರಂತೆ ಸಾಲಾಗಿ ಮೈಗೆಲ್ಲ ಅಂಟಿಸಿದೆ. ಒಬ್ಬನಿಗೆ ಖರ್ಚು ಅರವತ್ತು ಎಪ್ಪತ್ತು ರೂಪಾಯಿ, ಸಮಯ ಮುಕ್ಕಾಲು ಗಂಟೆ.

ಹಸಿರೇ ಯಾಕೆ ಅಂದರೆ, ಚಾನೆಲ್ ಪ್ಯಾನೆಲ್‌ನಲ್ಲಿ ರೆಡ್ ಮಾತ್ರ ಇಟ್ಟು ನೋಡಿ. ನಮ್ಮ ಕಂದು ಮೈ ಬೆಳ್ಳಗೆ ಕಾಣುತ್ತದೆ, ಹಸಿರು ಬಿಂದಿ ಕಪ್ಪಗೆ ಎದ್ದು ಕಾಣುತ್ತದೆ. ಮೆರೂನ್ ಬಿಂದಿಯಾದರೆ ಚರ್ಮದಲ್ಲೇ ಕಳೆದುಹೋಗುತ್ತದೆ.

ಉರುಟು ಯಾಕೆ ಅನ್ನುವುದು ಅದಕ್ಕಿಂತ ಮುಖ್ಯ. ಉರುಟು ಬಿಂದಿ ಓರೆಯಾದ ಜಾಗದಲ್ಲಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಎಷ್ಟು ಚಪ್ಪಟೆಯಾಗಿದೆ, ಯಾವ ಕಡೆಗೆ ಅನ್ನುವುದರಲ್ಲೇ ಆ ಜಾಗ ಎಷ್ಟು ತಿರುಗಿದೆ ಅಂತ ಗೊತ್ತಾಗುತ್ತದೆ. ಪಕ್ಕೆಯ ಕೊನೇ ಸಾಲಿನ ಬಿಂದಿ ಬರೀ ಗೀಟಿನಂತೆ ಕಾಣುವುದನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಇದು ಗೆದ್ದಿತು ಅಂತ ಧೈರ್ಯ ಬಂತು.

ಟ್ರೈಪಾಡ್ ಅಲುಗಾಡಬಾರದು. ಬಿಂದಿ ಇದ್ದದ್ದು ಒಂದು, ತೆಗೆದ ಮೇಲೆ ಒಂದು, ಎರಡು ಫೋಟೋ ಬೇಕು. ಹಿಮ್ಮಡಿಯ ಜಾಗಕ್ಕೆ ನೆಲದಲ್ಲಿ ಟೇಪ್ ಹಾಕಿ. ಉಸಿರು ಬಿಟ್ಟು ನಿಲ್ಲಿಸಿ, ಎಳೆದುಕೊಂಡು ನಿಂತರೆ ಹೊಟ್ಟೆ ಎರಡು ಫೋಟೋದಲ್ಲಿ ಎರಡು ತರ ಬರುತ್ತದೆ. 85 ಎಂಎಂ ಲೆನ್ಸ್ ಸಾಕು. ನಮ್ಮ ಕರಾವಳಿಯ ಬೆವರಿಗೆ ಬಿಂದಿ ಉದುರುತ್ತದೆ, ಎಸಿ ಇಲ್ಲದಿದ್ದರೆ ಬೆಳಿಗ್ಗೆ ಬೇಗ ಮುಗಿಸಿಬಿಡಿ.

ಪಟ್ಟೆಯನ್ನು ಚಪ್ಪಟೆ ಹಾಳೆಯಲ್ಲಿ ಬರೆಯುವಾಗಲೇ ಮೈಮೇಲೆ ಬಿಂದಿ ಇದ್ದಷ್ಟೇ ಸಾಲು, ಅಷ್ಟೇ ಚುಕ್ಕಿ ಇಟ್ಟುಕೊಳ್ಳುತ್ತೇನೆ. ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ವಾರ್ಪ್, ಅಂದರೆ ಗ್ರಿಡ್ ಹಿಡಿದು ಚಿತ್ರವನ್ನು ಬಗ್ಗಿಸುವುದು. ಫೋಟೋಶಾಪ್ 2020ರಿಂದ ವಾರ್ಪ್ ಗ್ರಿಡ್ಡನ್ನು ಬೇಕಾದಲ್ಲಿ ಸೀಳಬಹುದಲ್ಲ, ಅದೇ ಇದಕ್ಕೆ ಜೀವ. ಒಂದೊಂದು ಗ್ರಿಡ್ ಮೂಲೆಯನ್ನು ಒಂದೊಂದು ಬಿಂದಿಯ ಮೇಲೆ ತಂದು ಕೂರಿಸುವುದು. ಎದೆ, ಹೊಟ್ಟೆ, ತೋಳು, ಮುಂಗೈ, ತೊಡೆ, ಮೀನಖಂಡ ಎಲ್ಲ ಬೇರೆ ಬೇರೆ ತುಂಡು. ಜೋಡಣೆಯನ್ನು ಮಡಿಕೆ ಇರುವಲ್ಲಿ ಅಡಗಿಸಬೇಕು. ಎತ್ತಿದ ಕೈಯ ಕಂಕುಳಿನಲ್ಲಿ ಎರಡು ತುಂಡು ಸೇರಿಸಲಿಕ್ಕೆ ನನ್ನದೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಇದೆಲ್ಲ ಆದ ಮೇಲೆ ಸ್ನಾಯುವಿನ ಸಣ್ಣ ಏರಿಳಿತಕ್ಕೆ ಮಾತ್ರ ಡಿಸ್‌ಪ್ಲೇಸ್, ಸ್ಕೇಲ್ 12ರ ಆಸುಪಾಸು.

ಹಳದಿ ಇನ್ನೊಂದು ತಲೆನೋವು. ಕಂದು ಚರ್ಮದ ಮೇಲೆ ಹಳದಿಯನ್ನು ಮಲ್ಟಿಪ್ಲೈ ಮಾಡಿದರೆ, ಅಂದರೆ ಕೆಳಗಿನ ಬಣ್ಣಕ್ಕೆ ಬೆರೆತು ಗಾಢವಾಗುವ ಹಾಗೆ ಇಟ್ಟರೆ, ಕೆಸರು ಬಣ್ಣ. ನಿಜವಾದ ವೇಷದಲ್ಲಿ ಬಣ್ಣ ಚರ್ಮವನ್ನು ಪೂರ್ತಿ ಮುಚ್ಚುತ್ತದೆ. ಅದಕ್ಕೆ ಮೈಯನ್ನು ಕಪ್ಪುಬಿಳುಪು ಮಾಡಿ, ಕರ್ವ್ಸ್‌ನಲ್ಲಿ ನಡುಬಣ್ಣವನ್ನು 200ರ ಹತ್ತಿರ ಎತ್ತಿ (0 ಅಂದರೆ ಕಪ್ಪು, 255 ಅಂದರೆ ಬಿಳಿ), ಆಮೇಲೆ ಹಳದಿ ಮಲ್ಟಿಪ್ಲೈ. ಕಪ್ಪು ಪಟ್ಟೆಯೂ ಪೂರ್ತಿ ಕಪ್ಪು ಬೇಡ, 20-25ರಲ್ಲಿ ಇಡಿ. ಬ್ಲೆಂಡ್ ಇಫ್‌ನಲ್ಲಿ ಕೆಳಗಿನ ಲೇಯರಿನ ಬಿಳಿ ಸ್ಲೈಡರನ್ನು ಆಲ್ಟ್ ಒತ್ತಿ ಎರಡು ಮಾಡಿ, ಸುಮಾರು 190 ಮತ್ತು 235. ಭುಜದ ಹೊಳಪು ಪಟ್ಟೆಯ ಮೇಲೂ ಹಾದು ಬರುತ್ತದೆ. ಬ್ರಶ್ಶಿನಲ್ಲಿ ಬರೆಯುವ ತಂಡಕ್ಕೆ ಪಟ್ಟೆಯ ಅಂಚು ಚೂಪು, ಸ್ಪ್ರೇ ಗನ್ ಬಳಸುವವರಿಗೆ ಅಂಚಿಗೆ ಎರಡು ಮೂರು ಪಿಕ್ಸೆಲ್ ಬ್ಲರ್. ಇದನ್ನು ಬಿಟ್ಟರೆ ಬಣ್ಣದವರು ಒಪ್ಪುವುದಿಲ್ಲ.

ಅದೇ ಅಣ್ಣ ಹೊಸ ಚಿತ್ರವನ್ನು ಜೂಮ್ ಮಾಡಿ ಮಾಡಿ ನೋಡಿದರು. "ಇದು ಯಾರು ಬರೆದದ್ದು?" ಅಂತ ಕೇಳಿದರು. ಬೆನ್ನಿನ ಫೋಟೋವನ್ನೂ ಕೇಳಿ ತೆಗೆದುಕೊಂಡು, ಬಣ್ಣದ ದಿನ ಎದುರಿಗಿಟ್ಟುಕೊಂಡೇ ಬರೆದರು. ಈಗ ಒಂದು ಚಿತ್ರಕ್ಕೆ 1,500 ತೆಗೆದುಕೊಳ್ಳುತ್ತೇನೆ, ಮುಂದೆ ಹಿಂದೆ ಎರಡೂ ಬೇಕಾದರೆ 2,500. ಯಾರೂ ಚರ್ಚೆ ಮಾಡಿಲ್ಲ.

ನಡುವೆ ಒಬ್ಬ ಟ್ಯಾಟೂ ಹುಡುಗನಿಗೆ ಮುಂಗೈ ಡಿಸೈನ್ ಮಾಡಿಕೊಟ್ಟೆ. ಹತ್ತು ಹನ್ನೆರಡು ಬಿಂದಿ ಸಾಕಾಯಿತು, ಅರ್ಧ ಗಂಟೆಯ ಕೆಲಸ. ಸೀರೆ ಅಂಗಡಿಯವರಿಗೆ ಪ್ಲೈನ್ ಸೀರೆಯ ಮೇಲೂ ಅಂಟಿಸಿ ನೋಡಿದೆ. ಸೆರಗಿಗೆ ಚೆನ್ನಾಗಿ ಬಂತು. ನೆರಿಗೆಗೆ ಬರಲಿಲ್ಲ, ಒಳಮಡಿಕೆಗೆ ಹೋದ ಬಿಂದಿ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ.

ನವರಾತ್ರಿಗೆ ಚಿಟ್ಟೆಹುಲಿ, ಅಂದರೆ ಮೈತುಂಬ ಚುಕ್ಕೆ ಇರುವ ಚಿರತೆಯ ವೇಷ ಕೇಳಿದ್ದಾರೆ. ಪಟ್ಟೆ ಸ್ವಲ್ಪ ಆಚೀಚೆಯಾದರೂ ಕಣ್ಣು ಒಪ್ಪುತ್ತದೆ, ಚಿಟ್ಟೆ ಒಪ್ಪುವುದಿಲ್ಲ. ಅಂಚಿನ ಒಂದು ಚಿಟ್ಟೆ ಉರುಟಾಗಿ ಉಳಿದರೂ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. ಅದಕ್ಕೆ ಬಿಂದಿಯನ್ನು ಎರಡು ಬೆರಳಿನ ಅಂತರಕ್ಕೆ ಒಂದರಂತೆ ಹತ್ತಿರ ಮಾಡಿ, ಮೊದಲು ಪಕ್ಕೆ ಒಂದನ್ನೇ ಮಾಡಿ ನೋಡುತ್ತಿದ್ದೇನೆ.