ಹುಳುಕು ಮೊದಲು ನಾನೇ ಹೇಳಿದೆ: ಇಳಕಲ್ ಸೀರೆ ಆನ್‌ಲೈನ್ ಮಾರಿದ ನನ್ನ ಅನುಭವ

"ತುಂಡು ಜೋಡಿಸಿ ಹೊಲಿದ ಸೀರೆ ಕಳಿಸಿದ್ದೀರಿ. ದುಡ್ಡು ವಾಪಸ್ ಹಾಕಿ."

ನನಗೆ ಬಂದ ಮೊದಲ ದೂರು ಇದು. ಜೊತೆಗೊಂದು ಫೋಟೋ. ಒಡಲು ಮುಗಿದು ಸೆರಗು ಶುರುವಾಗುವ ಗೆರೆಗೆ ಕೆಂಪು ಸುತ್ತು ಹಾಕಿದ್ದರು. ಅದು ಕೊಂಡಿ! ಇಳಕಲ್ ಸೀರೆ ಅಸಲಿ ಹೌದೋ ಅಲ್ಲವೋ ಅಂತ ನೋಡೋಕೆ ನಾವೆಲ್ಲ ಮೊದಲು ಕೈ ಹಾಕುವ ಜಾಗ. ಒಡಲಿನ ಹಾಸಿಗೂ (ಅಂದರೆ ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಗೆ ಕುಣಿಕೆ ಹಾಕಿ ಕೂಡಿಸುವ ಕೆಲಸ. ನಮ್ಮ ಅತ್ತೆಯವರಿಗೆ ಸೊಂಟ ನೋವು ಬಂದದ್ದೇ ಅದರಿಂದ. ಆ ಗಿರಾಕಿಗೆ ಅದು ಹೊಲಿಗೆ ಹಾಕಿದ ಹರಕು.

ನಾನು ಏನು ಮಾಡಿದೆ? ವಾದ. ವಾಟ್ಸಾಪಿನಲ್ಲಿ ಎರಡು ಗಂಟೆ. ಕೊನೆಗೆ ಅವರು ಸುಮ್ಮನಾದರು, ನಾನು ಗೆದ್ದೆ ಅಂದುಕೊಂಡೆ. ಮರುದಿನ ಒಂದು ಸ್ಟಾರ್ ಬಿತ್ತು, "ಮೋಸ" ಅಂತ ಬರೆದು. ಮುಂದಿನ ಹದಿನೈದು ದಿನ ಆ ಡಿಸೈನಿಗೆ ಒಂದೂ ಆರ್ಡರ್ ಇಲ್ಲ.

ಇದು 2020ರ ಕೊನೆಯ ಮಾತು. ಲಾಕ್‌ಡೌನಿನಲ್ಲಿ ಅಂಗಡಿಯವರು ಮಾಲು ಎತ್ತೋದು ನಿಲ್ಲಿಸಿದ್ದರು. ಮನೆಯಲ್ಲಿ ನಾಲ್ಕು ಮಗ್ಗದ ಸೀರೆ ರಾಶಿ ಬಿದ್ದಿತ್ತು. ಹಾಗಾಗಿ ಫೋನ್ ಹಿಡಿದು ಶುರು ಮಾಡಿದೆ. ಮೊದಲ ವರ್ಷ ಸುಮಾರು 600 ಸೀರೆ ಹೋದವು, ದೂರು 70ರ ಹತ್ತಿರ. ಈಗ ನೂರಕ್ಕೆ ಎರಡೋ ಮೂರೋ. ಹೇಗೆ ಅಂತ ಊರಲ್ಲಿ ಬಹಳ ಜನ ಕೇಳುತ್ತಾರೆ. ಹೆಚ್ಚಿನದನ್ನು ಇಲ್ಲಿ ಬರೆಯುತ್ತೇನೆ. ಎಲ್ಲವನ್ನೂ ಅಲ್ಲ.

ಮೊದಲು ದೊಡ್ಡ ಪೆಟ್ಟಿನ ವಿಷಯ. 2022ರ ದೀಪಾವಳಿಗೆ ಅಂತ ಕೆಂಪು ಒಡಲಿನ 40 ಸೀರೆ ನೇಯಿಸಿದೆ. ಒಂದಕ್ಕೆ 1,150 ಬಿದ್ದಿತ್ತು, 1,650ಕ್ಕೆ ಇಟ್ಟೆ. 22 ಕಳಿಸಿದ್ದೆ ಅಷ್ಟೇ, ದೂರು ಬರೋಕೆ ಶುರುವಾಯಿತು. ಒಬ್ಬರಿಗೆ ಬಿಳಿ ಕುಪ್ಪಸ ಗುಲಾಬಿ ಆಗಿತ್ತು. ಇನ್ನೊಬ್ಬರು ಬೆವರಿದ ಕೈಯ ಫೋಟೋ ಕಳಿಸಿದರು, ಮೆಹೆಂದಿ ಹಾಕಿದ ಹಾಗೆ ಕೆಂಪು. ಒಟ್ಟು 13 ಸೀರೆ ವಾಪಸ್. ಉಳಿದ 18 ನಾನೇ ತಡೆದೆ.

ಬಣ್ಣ ಹಾಕುವವರ ಹತ್ತಿರ ಹೋಗಿ ಕೂತೆ. ಅವರು ಮೊದಲು "ಗಿರಾಕಿ ಬಿಸಿನೀರಾಗ ಅದ್ದಿರಬೇಕ್ರಿ" ಅಂದರು. ಎರಡನೇ ಚಹಾ ಮುಗಿಯೋ ಹೊತ್ತಿಗೆ ನಿಜ ಹೊರಬಿತ್ತು. ಕೆಂಪು ಹಾಕಿದ ಮೇಲೆ ನೂಲನ್ನು ಸೋಪಿನ ನೀರಲ್ಲಿ ಕುದಿಸಿ ತೊಳೆಯಬೇಕಲ್ಲ, ಮೇಲೆ ಕೂತ ಸಡಿಲು ಬಣ್ಣ ಹೋಗೋಕೆ. ಆ ವಾರ ನೀರಿನ ತಾಪತ್ರಯ. ತಣ್ಣೀರಲ್ಲಿ ಒಮ್ಮೆ ಜಾಲಿಸಿ ಕೊಟ್ಟಿದ್ದರು. ನೂಲಿನ ತಪ್ಪಲ್ಲ, ನೇಕಾರನ ತಪ್ಪಲ್ಲ, ಗಿರಾಕಿಯ ತಪ್ಪಂತೂ ಅಲ್ಲವೇ ಅಲ್ಲ. ಕೊರಿಯರ್, ಕುಪ್ಪಸದ ದುಡ್ಡು, ಅಗ್ಗಕ್ಕೆ ಬಿಟ್ಟ ಮಾಲು ಎಲ್ಲ ಸೇರಿ 30 ಸಾವಿರದ ಹತ್ತಿರ ಕೈ ಬಿಟ್ಟಿತು. ಬಣ್ಣದವರು ಮುಂದಿನ ಎರಡು ಸಲ ಕೂಲಿ ಕಡಿಮೆ ಮಾಡಿದರು. ಅದು ಎಲ್ಲಿಗೂ ಸಾಲಲಿಲ್ಲ.

ಆ 18 ಸೀರೆ ಉಳಿಸೋಕೆ ಮಾಡಿದ ಹುಚ್ಚಾಟ ಒಂದೆರಡಲ್ಲ. ಯಾರೋ ಉಪ್ಪಿನ ನೀರಲ್ಲಿ ರಾತ್ರಿ ನೆನೆಸು ಅಂದರು. ಬೆಳಿಗ್ಗೆ ಬಕೆಟ್ ತುಂಬ ಕುಂಕುಮದ ನೀರು. ಇನ್ಯಾರೋ ವಿನೆಗರ್ ಅಂದರು. ಸೀರೆಗೆ ಉಪ್ಪಿನಕಾಯಿ ವಾಸನೆ ಬಂತು, ಬಣ್ಣ ಹಾಗೇ ಬಿಡುತ್ತಿತ್ತು. ಕೊನೆಗೆ ಒಂದು ಸೀರೆಯ ತುದಿಯನ್ನು ಸೋಪಿನಲ್ಲಿ ಬಿಸಿ ಮಾಡಿ ತೊಳೆದೆ. ಕೆಂಪು ನಿಂತಿತು, ಆದರೆ ಆರ್ಟ್ ಸಿಲ್ಕಿನ (ಕೃತಕ ರೇಷ್ಮೆಯ) ಸೆರಗು ಸುಕ್ಕಾಗಿ ಕೂತಿತು. ನೇಯ್ದ ಮೇಲೆ ಈ ಕೆಲಸ ಆಗೋದಿಲ್ಲ, ನೂಲಿನಲ್ಲೇ ಆಗಬೇಕು. ಈಗ ಬಣ್ಣದ ನೂಲು ಮನೆಗೆ ಬಂದ ದಿನವೇ ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಹತ್ತು ಸಲ ಉಜ್ಜುತ್ತೇನೆ. ಬಟ್ಟೆ ಕೆಂಪಾದರೆ ನೂಲು ಅದೇ ಗಾಡಿಯಲ್ಲಿ ವಾಪಸ್.

ಇನ್ನು ನನ್ನ ಪದ್ಧತಿ. ಸೀರೆ ಪ್ಯಾಕ್ ಮಾಡೋ ಮೊದಲು ಬಿಸಿಲಲ್ಲಿ ಹಾಸಿ ಕುಂದು ಹುಡುಕುತ್ತೇನೆ. ಎಳೆ ತಪ್ಪಿದ್ದು, ಗಂಟು, ಹೊಕ್ಕು (ಅಡ್ಡ ಎಳೆ) ಸಡಿಲಾಗಿ ಗೆರೆ ಬಿದ್ದದ್ದು, ದಡಿ ಸೊಟ್ಟಾದದ್ದು. ಕೈಮಗ್ಗದ ಸೀರೆಯಲ್ಲಿ ಏನೂ ಇಲ್ಲ ಅಂದರೆ ನನಗೇ ಅನುಮಾನ ಬರುತ್ತದೆ. ಕುಂದು ಇರೋ ಕಡೆ ದಡಿಯ ಅಂಚಿಗೆ ಒಂದು ಬಿಳಿ ದಾರ ಕಟ್ಟುತ್ತೇನೆ. ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ ಗಿರಾಕಿಗೆ ಕಳಿಸುತ್ತೇನೆ: "ಅಕ್ಕಾ, ಇಲ್ಲಿ ಎರಡು ಗಂಟು ಇವೆ. ಇದು ಕೊಂಡಿ, ಹೊಲಿಗೆ ಅಲ್ಲ. ಬೇಡ ಅಂದರೆ ಈಗಲೇ ಹೇಳಿ, ದುಡ್ಡು ಹಾಕುತ್ತೇನೆ." ಇದನ್ನೇ ಒಂದು ಚೀಟಿಯಲ್ಲಿ ಬರೆದು ಸೀರೆಯ ಮಡಿಕೆಯಲ್ಲಿ ಇಡುತ್ತೇನೆ.

ನಮ್ಮ ಮಾವ ಇದನ್ನು ನೋಡಿ ಮೂರು ದಿನ ಮಾತು ಬಿಟ್ಟಿದ್ದರು. "ಯವ್ವಾ, ನಮ್ಮ ಮಾಲಿನ ಹುಳುಕು ನಾವ ತೋರ್ಸಿದ್ರ ಯಾರ್ ತಗೋತಾರ? ಬನಶಂಕರಿ ಜಾತ್ರ್ಯಾಗ ಯಾರರ ಹಿಂಗ ಮಾಡ್ಯಾರೇನು?" ಜಾತ್ರೆಯಲ್ಲಿ ಗಿರಾಕಿ ತಾನೇ ಸೀರೆ ಬಿಚ್ಚಿ, ಬೆಳಕಿಗೆ ಹಿಡಿದು, ಸೆರಗು ಜಗ್ಗಿ ನೋಡುತ್ತಾಳೆ. ಆನ್‌ಲೈನಿನಲ್ಲಿ ಅವಳ ಕೈ ನಾನೇ ಆಗಬೇಕು. ಹಾಗಂತ ಮಾವನವರಿಗೆ ಹೇಳಿದೆ. ಒಪ್ಪಲಿಲ್ಲ.

ಲೆಕ್ಕ ಒಪ್ಪಿಸಿತು. ವಿಡಿಯೋ ನೋಡಿ ಬೇಡ ಅನ್ನುವವರು ನೂರಕ್ಕೆ ಎಂಟು ಹತ್ತು ಜನ. ಸುಮ್ನೆ ಕಳಿಸಿದ್ದರೆ ದೂರು ಕೊಡುತ್ತಿದ್ದವರೂ ಬಹುತೇಕ ಅವರೇ. ಪ್ಯಾಕ್ ಮಾಡೋ ಮೊದಲೇ ಬೇಡ ಅಂದರೆ ನನಗೆ ಖರ್ಚು ಸೊನ್ನೆ. ಹೋಗಿ ಬಂದರೆ ಎರಡೂ ಕಡೆ ಕೊರಿಯರ್ 200 ರೂಪಾಯಿ, ಮತ್ತೆ ಇಸ್ತ್ರಿ, ಮತ್ತೆ ಮಡಿಕೆ. ಸೀರೆ ಇಪ್ಪತ್ತು ದಿನ ರಸ್ತೆಯ ಮೇಲೆ.

ಬಣ್ಣ ಫೋಟೋದಲ್ಲಿ ಬೇರೆ ಕಾಣುತ್ತದೆ ಅನ್ನೋ ದೂರಿಗೆ ನಿಂಬೆಹಣ್ಣು ಕೆಲಸ ಮಾಡಿತು. ನಗಬೇಡಿ. ಗಿಳಿಹಸಿರು ಸೀರೆ ಕೆಲವು ಫೋನಿನಲ್ಲಿ ನೀಲಿ ಕಾಣುತ್ತದೆ. ಸೀರೆ ಪಕ್ಕ ಒಂದು ನಿಂಬೆಹಣ್ಣು, ಒಂದು ಹಸಿಮೆಣಸಿನಕಾಯಿ ಇಟ್ಟು ಫೋಟೋ ತೆಗೆಯುತ್ತೇನೆ. ನಿಂಬೆ ಯಾವ ಬಣ್ಣ ಅಂತ ಎಲ್ಲರಿಗೂ ಗೊತ್ತು. ಅದು ಬೇರೆ ಕಂಡರೆ ಫೋನಿನದೇ ಆಟ ಅಂತ ಅವರಿಗೇ ತಿಳಿಯುತ್ತದೆ. ಟೊಮೆಟೊ ಇಟ್ಟು ನೋಡಿದೆ, ಅದರ ಕೆಂಪು ದಿನಕ್ಕೊಂದು ಥರ. ಬಿಟ್ಟೆ.

ಇಷ್ಟೆಲ್ಲ ಮಾಡಿಯೂ ದೂರು ಬರುತ್ತದೆ. ಮೊದಲು ನಾನೂ "ವಾಪಸ್ ಇಲ್ಲ" ಅಂತ ದಪ್ಪಕ್ಷರದಲ್ಲಿ ಹಾಕಿದ್ದೆ. ಒಬ್ಬ ಗಿರಾಕಿ 1915ಕ್ಕೆ ಫೋನ್ ಮಾಡ್ತೀನಿ ಅಂದಾಗ ಹೆದರಿ ಕೇಳಿ ತಿಳಿದುಕೊಂಡೆ. ಅದು ಗ್ರಾಹಕರ ಸಹಾಯವಾಣಿ. 2020ರ ಇ-ಕಾಮರ್ಸ್ ನಿಯಮದಲ್ಲಿ ದೋಷ ಇರುವ ಮಾಲು, ಹೇಳಿದ್ದಕ್ಕಿಂತ ಬೇರೆಯಾದ ಮಾಲು ವಾಪಸ್ ತಗೊಳ್ಳೋದಿಲ್ಲ ಅನ್ನೋ ಹಾಗಿಲ್ಲ. ದೂರು ಮುಟ್ಟಿದೆ ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ದಪ್ಪಕ್ಷರ ಅವತ್ತೇ ಅಳಿಸಿದೆ. 48 ಗಂಟೆ ಬಹಳ ಜಾಸ್ತಿ ಆಯಿತು ಅನ್ನೋದು ನನ್ನ ಅಭಿಪ್ರಾಯ. ಎರಡು ಗಂಟೆ ಕಳೆದರೆ ಗಿರಾಕಿಯ ಅಕ್ಕ, ತಂಗಿ, ಪಕ್ಕದ ಮನೆಯವರು ಎಲ್ಲ ಸೇರಿ ಸಿಟ್ಟು ಬೆಳೆಸಿರುತ್ತಾರೆ. ನಾನು ಅಷ್ಟರೊಳಗೆ ಫೋನ್ ಮಾಡುತ್ತೇನೆ, ಮೆಸೇಜ್ ಅಲ್ಲ. ಮೊದಲ ಮಾತು ಏನು ಹೇಳಬೇಕು ಅನ್ನೋದನ್ನು ಒಂದು ವರ್ಷ ಬದಲಿಸಿ ಬದಲಿಸಿ ನೋಡಿ ಕಂಡುಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ. "ಸಾರಿ" ಅಂತೂ ಅಲ್ಲ.

ಆಮೇಲೆ ಮೂರು ದಾರಿ ಇಡುತ್ತೇನೆ. ಪೂರ್ತಿ ದುಡ್ಡು ವಾಪಸ್, ಬೇರೆ ಸೀರೆ, ಇಲ್ಲವೇ ಸೀರೆ ಇಟ್ಟುಕೊಂಡು 200-300 ರೂಪಾಯಿ ವಾಪಸ್. ಸಣ್ಣ ಕುಂದಿಗೆ ಅರ್ಧಕ್ಕಿಂತ ಹೆಚ್ಚು ಜನ ಮೂರನೆಯದನ್ನೇ ತಗೊಳ್ಳುತ್ತಾರೆ. ಪೂರ್ತಿ ದುಡ್ಡು ಕೇಳಿದವರಿಗೆ ಅವತ್ತೇ ಹಾಕುತ್ತೇನೆ, ಸೀರೆ ಬರೋವರೆಗೆ ಕಾಯೋದಿಲ್ಲ. ಇದಕ್ಕೆ ಊರಿನ ವ್ಯಾಪಾರಿಗಳು ಇನ್ನೂ ನಗುತ್ತಾರೆ. ಹೀಗೆ ಹಾಕಿದ್ದು ಇಲ್ಲಿವರೆಗೆ 60 ಸಲ ಇರಬಹುದು. ದುಡ್ಡೂ ಸೀರೆಯೂ ನುಂಗಿದವರು ನಾಲ್ಕೈದು ಜನ. ದುಡ್ಡು ಬಂದವರಲ್ಲಿ ಹದಿನೈದು ಜನವಾದರೂ ಮತ್ತೆ ಸೀರೆ ತಗೊಂಡಿದ್ದಾರೆ, ಒಬ್ಬರು ಮಗಳ ಮದುವೆಗೆ 11.

ದೊಡ್ಡ ಆ್ಯಪ್ ಒಂದರಲ್ಲೂ ಮಾರಿದೆ. ಅಲ್ಲಿ ಗಿರಾಕಿಗೆ ಫೋನ್ ಮಾಡೋ ಹಾಗಿಲ್ಲ. ವಾಪಸ್ ಬಂದ ಪಾಕೀಟಿನಲ್ಲಿ ಎರಡು ಸಲ ಹಳೇ ನೈಲಾನ್ ಸೀರೆ ಸಿಕ್ಕಿತು. ಆ್ಯಪಿನವರಿಗೆ ವಿಡಿಯೋ ಕಳಿಸಿದರೂ ಉಪಯೋಗ ಆಗಲಿಲ್ಲ. ಈಗ ಅಲ್ಲಿ ಬರೀ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಇಟ್ಟಿದ್ದೇನೆ. ಹೋದರೂ ಇನ್ನೂರು ಮುನ್ನೂರಷ್ಟೇ.

ಉಟ್ಟು ವಾಪಸ್ ಕಳಿಸುವವರೂ ಇದ್ದಾರೆ, ಶ್ರಾವಣದಲ್ಲಿ ಜಾಸ್ತಿ. ಪಿನ್ನಿನ ತೂತು, ಅರಿಶಿಣದ ವಾಸನೆ ನೀವೂ ನೋಡುತ್ತೀರಿ. ನಾನು ನೋಡುವ ಜಾಗ ಬೇರೆ ಇದೆ. ಬರೆದರೆ ನಾಳೆಯಿಂದ ಅಲ್ಲೂ ಇಸ್ತ್ರಿ ಹಾಕಿ ಕಳಿಸುತ್ತಾರೆ!

ಮಾರೋಕೆ ಬಾರದ ಸೀರೆಗಳನ್ನು ಓಣಿಯ ಇಬ್ಬರು ಅಜ್ಜಿಯರಿಗೆ ಕೊಟ್ಟು ಕೌದಿ ಹೊಲಿಸಿದೆ. ಒಂದಕ್ಕೆ ಹೊಲಿಗೆ ಕೂಲಿಯೇ 900 ಬಿತ್ತು, 1,800ಕ್ಕೆ ಹೋಯಿತು. ಎಂಟು ಮಾರಿದೆ. ಒಂಬತ್ತನೆಯದಕ್ಕೆ ಆ ಕೆಂಪು ಸೀರೆ ಸೇರಿಸಿಬಿಟ್ಟರು. ಗಿರಾಕಿ ತೊಳೆದಳು, ಕೌದಿ ಪೂರ್ತಿ ಗುಲಾಬಿ. ಅದಕ್ಕೂ ದುಡ್ಡು ವಾಪಸ್.

ಮಾವ ಈಗ ಬಿಳಿ ದಾರ ತಾವೇ ಕಟ್ಟುತ್ತಾರೆ, ನನಗಿಂತ ಎರಡು ಕುಂದು ಹೆಚ್ಚೇ ಹುಡುಕುತ್ತಾರೆ. ನೇಯ್ದದ್ದು ಯಾವ ಮಗ್ಗ ಅಂತ ದಾರದ ಗಂಟಿನಿಂದಲೇ ಗುರುತು ಇಡೋದು ಅವರ ಯೋಚನೆ. ಇದರಿಂದ ಒಂದು ಮಗ್ಗದ ಹಣಿಗೆಯ (ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯ) ಹಲ್ಲು ಬಾಗಿದ್ದು ಗೊತ್ತಾಯಿತು. ಮೂರು ತಿಂಗಳಿಂದ ಅದೇ ಜಾಗದಲ್ಲಿ ಗೆರೆ ಬೀಳುತ್ತಿತ್ತು.

ಪ್ಯೂರ್ ಸಿಲ್ಕ್ ಸೀರೆಗೆ ಮಾತ್ರ, ಮಾಲು ವಾಪಸ್ ಬರೋ ಮೊದಲೇ ಗಿರಾಕಿಗೆ ದುಡ್ಡು ಹಾಕೋ ಧೈರ್ಯ ಇನ್ನೂ ಬಂದಿಲ್ಲ. ಎಂಟು ಒಂಬತ್ತು ಸಾವಿರದ ಮಾತು. ಅದು ಮನೆ ಬಾಗಿಲಿಗೆ ಬಂದು, ಬಿಚ್ಚಿ ನೋಡಿದ ಮೇಲೆಯೇ.