ವಾಹನದ ಚಾವಣಿಗೆ ನೀರಿಳಿಯದ, ಮೈಗಂಟಿ ಕೂರುವ ಬೋಲ್ಟ್: ವಿನ್ಯಾಸ ಮಾಡುವುದು ಹೇಗೆ?

ಮನೆಯ ಮೇಲೆ ಹೊದಿಸಿದ ತಗಡಿನ ಶೀಟುಗಳನ್ನು ಎರಡು ಮಳೆಗಾಲ ಕಳೆದ ಮೇಲೆ ಹತ್ತಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಸಡಿಲವಾಗಿ ಉಳಿದ ಸ್ಕ್ರೂಗಳ ಬಳಿ ಸೋರುವಂತೆಯೇ, ಅತಿಯಾಗಿ ಬಿಗಿದ ಸ್ಕ್ರೂಗಳ ಬಳಿಯೂ ಸೋರುತ್ತದೆ. ಅಲ್ಲಿ ರಬ್ಬರ್ ವಾಷರ್ ತಲೆಯ ಅಡಿಯಿಂದ ಹೊರಕ್ಕೆ ಉಕ್ಕಿ, ಬಿಸಿಲಿಗೆ ಸೀಳಿ, ಅರ್ಧಚಂದ್ರಾಕಾರದ ತುಂಡಾಗಿ ಉಳಿದಿರುತ್ತದೆ. ವಾಹನದ ಹೊರಮೈಗೆ ಬೋಲ್ಟ್ ವಿನ್ಯಾಸ ಮಾಡುವವರು ಮೊದಲು ಮನಗಾಣಬೇಕಾದದ್ದು ಇದನ್ನೇ: ತಗಡನ್ನು ಬಿಗಿಯಾಗಿ ಹಿಡಿಯುವುದು ಒಂದು ಕೆಲಸ, ನೀರನ್ನು ತಡೆಯುವುದು ಮತ್ತೊಂದು ಕೆಲಸ. ಎರಡನ್ನೂ ರಬ್ಬರಿನ ಮೇಲೆ ಹೊರಿಸಿದರೆ ಎರಡೂ ಕೆಡುತ್ತವೆ. ಲೋಹ ಲೋಹಕ್ಕೆ ತಾಗಿ ಬಿಗಿತವನ್ನು ಹೊರಬೇಕು. ರಬ್ಬರು ತನಗೆಂದೇ ಅಳೆದು ಬಿಟ್ಟ ಜಾಗದಲ್ಲಿ, ಲೆಕ್ಕ ಹಾಕಿದಷ್ಟೇ ಅದುಮಿಕೊಂಡು ಇರಬೇಕು.

ಈ ಲೇಖನದಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಸಾಗೋಣ. ಮಿನಿಬಸ್ಸಿನ ಚಾವಣಿಯಲ್ಲಿ, ಒಳಗಿನ ವೈರಿಂಗ್ ಮತ್ತು ಎ.ಸಿ. ಕೊಳವೆಗಳ ತಪಾಸಣೆಗೆಂದು ತೆರೆದಿರುವ ಒಂದು ಕಿಂಡಿ. ಚಾವಣಿ 1.2 ಮಿ.ಮೀ. ಉಕ್ಕಿನ ತಗಡು, ಕಿಂಡಿಯ ಮುಚ್ಚಳ 2 ಮಿ.ಮೀ. ದಪ್ಪದ, 60 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಶೀಟು. ಮುಚ್ಚಳವನ್ನು ಆಗಾಗ ತೆಗೆದು ಹಾಕಬೇಕಾಗಿರುವುದರಿಂದ ರಿವೆಟ್ ಹೊಡೆಯುವಂತಿಲ್ಲ, ಅಂಟಿಸುವಂತೆಯೂ ಇಲ್ಲ. ಬಸ್ಸು ಜುಲೈ ತಿಂಗಳಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವಂಥದ್ದು ಎಂದುಕೊಳ್ಳೋಣ.

ನೀರನ್ನು ಒಳಕ್ಕೆ ತಳ್ಳುವುದು ಯಾವುದು?

ಮಳೆ ಮೇಲಿಂದ ಬೀಳುತ್ತದೆ, ಆದ್ದರಿಂದ ಇಳಿಜಾರು ಕೊಟ್ಟರೆ ಸಾಕು ಎಂಬ ನಂಬಿಕೆ ವಾಹನದ ಮಟ್ಟಿಗೆ ಸಲ್ಲದು. ಇಲ್ಲಿ ಮೂರು ಬಲಗಳು ಕೆಲಸ ಮಾಡುತ್ತವೆ.

ಎರಡು ತಗಡುಗಳ ನಡುವೆ 0.1 ಮಿ.ಮೀ. ಸಂದು ಇದ್ದು, ಮೇಲ್ಮೈ ನೀರಿಗೆ ಚೆನ್ನಾಗಿ ಒದ್ದೆಯಾಗುವಂತಿದ್ದರೆ, ನೀರು ತನ್ನಷ್ಟಕ್ಕೆ ತಾನೇ ಸುಮಾರು 15 ಸೆಂ.ಮೀ. ಎತ್ತರಕ್ಕೆ ಏರಬಲ್ಲದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಬಗೆಯೇ ಇದು. ಹೀಗಾಗಿ ಕಣ್ಣಿಗೆ ಕಾಣುವ ದೊಡ್ಡ ಸಂದಿಗಿಂತ ಕಾಣದ ಸಣ್ಣ ಸಂದು ಎಷ್ಟೋ ಬಾರಿ ಹೆಚ್ಚು ಅಪಾಯಕಾರಿ. ಎರಡನೆಯದು ಗಾಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 3 ಸೆಂ.ಮೀ. ಎತ್ತರದ ನೀರಿನ ಒತ್ತಡಕ್ಕೆ ಸಮ; ಅಂದರೆ ಮುಂಭಾಗದ ಅಂಚಿನಲ್ಲಿ ನಿಂತ ನೀರನ್ನು ಅದು ಅಷ್ಟು ಮೇಲಕ್ಕೆ ತಳ್ಳಬಲ್ಲದು.

ಮೂರನೆಯದನ್ನು ಬಹಳಷ್ಟು ಮಂದಿ ಮರೆಯುತ್ತಾರೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಬಿಸಿಲಿನಲ್ಲಿ ನಿಂತ ಬಸ್ಸಿನ ಚಾವಣಿಯ ತಗಡನ್ನು ಹೊತ್ತ ಚೌಕಟ್ಟಿನ ಚೌಕಕೊಳವೆ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ, ಹಠಾತ್ತನೆ ಮಳೆ ಬಿದ್ದು 25 ಡಿಗ್ರಿಗೆ ಇಳಿಯಿತು ಎನ್ನಿ. ಕೊಳವೆ ಪೂರ್ತಿ ಮುಚ್ಚಿದ್ದರೆ ಒಳಗಿನ ಗಾಳಿಯ ಒತ್ತಡ ನೂರಕ್ಕೆ ಹತ್ತರಷ್ಟು ತಗ್ಗುತ್ತದೆ. ಅದು ಸುಮಾರು 1 ಮೀಟರ್ ನೀರಿನ ಒತ್ತಡದಷ್ಟು. ಬೋಲ್ಟಿನ ತಲೆಯ ಸುತ್ತ ನಿಂತ ಹನಿಯನ್ನು ಕೊಳವೆಯೇ ಒಳಕ್ಕೆ ಹೀರಿಕೊಳ್ಳುತ್ತದೆ. ಆದುದರಿಂದ ಮುಚ್ಚಿದ ಕೊಳವೆಗೆ ಬೋಲ್ಟ್ ಕೂರಿಸುವ ಪ್ರಸಂಗ ಬಂದಾಗಲೆಲ್ಲ, ಆ ಕೊಳವೆಯ ಅತಿ ತಗ್ಗಿನ, ಮಳೆ ತಾಗದ ಜಾಗದಲ್ಲಿ 6 ಮಿ.ಮೀ.ನ ಒಂದು ರಂಧ್ರವನ್ನು ಗಾಳಿಯಾಡಲು ಬಿಡಬೇಕು. ನೀರು ತಡೆಯುವ ವಿನ್ಯಾಸದಲ್ಲಿ ಬೇಕೆಂದೇ ತೂತು ಕೊರೆಯುವುದು ವಿಚಿತ್ರವೆನಿಸಿದರೂ, ಆ ತೂತಿಲ್ಲದೆ ಯಾವ ಓ-ರಿಂಗೂ (ಬೋಲ್ಟಿನ ಸುತ್ತ ಕೂತು ನೀರು ತಡೆಯುವ ರಬ್ಬರ್ ಬಳೆ) ಬಹುಕಾಲ ತಡೆಯದು.

ಮೊದಲ ಹೆಜ್ಜೆ: ರಂಧ್ರ ಎಲ್ಲಿ?

ಮುಚ್ಚಳದ ಸುತ್ತ ಒಂದು ಗ್ಯಾಸ್ಕೆಟ್ ಪಟ್ಟಿ, ಅಂದರೆ ಸಂದು ಮುಚ್ಚುವ ರಬ್ಬರ್ ಸ್ಪಂಜಿನ ಪಟ್ಟಿ, ಬರುತ್ತದೆ. ಬೋಲ್ಟುಗಳನ್ನು ಆ ಪಟ್ಟಿಯ ಹೊರಬದಿಯಲ್ಲಿ, ಅಂದರೆ ಒದ್ದೆಯಾಗುವ ಕಡೆಯಲ್ಲಿ ಇಡುವುದು ಒಳ್ಳೆಯದು. ಹಾಗಿಟ್ಟಾಗ ಮುಚ್ಚಳದ ರಂಧ್ರದಲ್ಲಿ ನೀರು ಇಳಿದರೂ ಅದು ಗ್ಯಾಸ್ಕೆಟ್ ದಾಟಿ ಕಿಂಡಿಯೊಳಕ್ಕೆ ಬೀಳುವುದಿಲ್ಲ. ಚಾವಣಿಯ ತಗಡಿನ ರಂಧ್ರವೊಂದನ್ನು ಮಾತ್ರ ಭದ್ರಪಡಿಸಬೇಕಾಗುತ್ತದೆ. ಹಾಗಾದರೆ ಬೋಲ್ಟಿನ ತಲೆಯಡಿ ಓ-ರಿಂಗ್ ಏಕೆ ಎಂಬ ಪ್ರಶ್ನೆ ಏಳುತ್ತದೆ. ಎರಡು ವರ್ಷಗಳ ನಂತರ ಮುಚ್ಚಳ ತೆಗೆಯಲು ಬಂದ ಮೆಕ್ಯಾನಿಕ್‌ಗೆ ಬೋಲ್ಟಿನ ಮರೆಯಲ್ಲಿ (ಮೈಮೇಲಿನ ತಿರುಪು ಸುರುಳಿಯಲ್ಲಿ) ಕೆಸರು ಮತ್ತು ತುಕ್ಕು ಸಿಕ್ಕಿದರೆ, ಬೋಲ್ಟಿನ ಜೊತೆಗೆ ಅಡಿಯ ನಟ್ಟೂ ಗಿರ್ರನೆ ತಿರುಗತೊಡಗುತ್ತದೆ. ಕೈ ತೂರದ ಜಾಗದಲ್ಲಿ ತಿರುಗುವ ನಟ್ಟಿಗೆ ಗ್ರೈಂಡರ್ ಒಂದೇ ಗತಿ. ಮರೆಯನ್ನು ಒಣಗಿಸಿಡುವುದಕ್ಕಾಗಿಯೇ ಓ-ರಿಂಗ್ ಬೇಕು.

ಎರಡನೆಯ ಹೆಜ್ಜೆ: ಅಡಿಯ ನಟ್

1.2 ಮಿ.ಮೀ. ತಗಡಿನಲ್ಲಿ ನೇರವಾಗಿ ಮರೆ ಕೊರೆದರೆ ನಿಲ್ಲದು, ಆದ್ದರಿಂದ ಎಂ6 (6 ಮಿ.ಮೀ. ವ್ಯಾಸದ ಬೋಲ್ಟಿಗೆ ಹೊಂದುವ) ರಿವೆಟ್ ನಟ್ ಬಳಸುತ್ತೇವೆ. ರಂಧ್ರಕ್ಕೆ ತೂರಿಸಿ ಎಳೆದಾಗ ಅಡಿಯಲ್ಲಿ ಉಬ್ಬಿ ತಗಡನ್ನು ಕಚ್ಚಿ ಹಿಡಿಯುವ, ಒಳಗೆ ಮರೆಯಿರುವ ಕೊಳವೆಯಂಥ ನಟ್ಟಿದು. ಮಾಮೂಲಿ ರಿವೆಟ್ ನಟ್ಟಿನ ತಳ ತೆರೆದಿರುತ್ತದೆ. ಮರೆಯ ಸುರುಳಿಯೇ ನೀರಿಗೆ ಏಣಿಯಾಗುತ್ತದೆ. ತಳ ಮುಚ್ಚಿದ ರಿವೆಟ್ ನಟ್ ಎಂದೇ ಕೇಳಿ ತರಬೇಕು. ಅದರ ಹೊರಮೈಯಲ್ಲಿ ಗೀರುಗಳಿರಬೇಕು, ತಿರುಗದಂತೆ ಹಿಡಿಯುವುದು ಅವೇ. ಎಷ್ಟು ದಪ್ಪದ ತಗಡಿಗೆ ಹೊಂದುತ್ತದೆ ಎಂಬುದನ್ನು ತಯಾರಕರ ಪಟ್ಟಿಯಲ್ಲಿ ನೋಡಿ 1.2 ಮಿ.ಮೀ. ಅದರೊಳಗೆ ಬರುವುದನ್ನೇ ಆರಿಸಬೇಕು. ಎಂ6 ನಟ್ಟಿಗೆ ಸಾಮಾನ್ಯವಾಗಿ 9 ಮಿ.ಮೀ. ರಂಧ್ರ ಬೇಕು.

ಇನ್ನು ಉಳಿಯುವುದು ನಟ್ಟಿನ ಅಂಚಿಗೂ ಚಾವಣಿಯ ತಗಡಿಗೂ ನಡುವಿನ ಸಂದು. ಅಂಚಿನ ಅಡಿಗೆ ಪಾಲಿಯುರಿಥೇನ್ ಸೀಲಂಟನ್ನು (ಸಂದು ಮುಚ್ಚುವ ಅಂಟನ್ನು) ತೆಳುವಾಗಿ ಹಚ್ಚಿ ನಂತರ ನಟ್ಟನ್ನು ಎಳೆದು ಕೂರಿಸಬೇಕು. ಹುಳಿ ವಾಸನೆ ಬರುವ ಸಿಲಿಕೋನ್ ಸೀಲಂಟನ್ನು ಇಲ್ಲಿ ಬಳಸಬಾರದು. ಅದು ಒಣಗುವಾಗ ಹೊರಬರುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನುತ್ತದೆ, ಸಿಲಿಕೋನ್ ತಾಗಿದ ಜಾಗದಲ್ಲಿ ಮುಂದೆ ಬಣ್ಣವೂ ನಿಲ್ಲುವುದಿಲ್ಲ.

ಮೂರನೆಯ ಹೆಜ್ಜೆ: ತಲೆ ಮತ್ತು ಓ-ರಿಂಗ್

ಎಂ6 ಬೋಲ್ಟಿನಲ್ಲಿ ಸಾದಾ ಅಲೆನ್ ಬೋಲ್ಟಿನ ತಲೆ 6 ಮಿ.ಮೀ. ಎತ್ತರ, ಆರುಮೂಲೆ ಬೋಲ್ಟಿನದು 4 ಮಿ.ಮೀ., ಗುಂಡಿಯಾಕಾರದ ಬಟನ್ ತಲೆಯದು 3.3 ಮಿ.ಮೀ. ತಲೆ ತಗ್ಗಾಗಿರಬೇಕೆನ್ನುವುದು ಚೆಂದಕ್ಕಾಗಿ ಮಾತ್ರವಲ್ಲ. ಎದ್ದು ನಿಂತ ತಲೆ ತೊಳೆಯುವ ಬ್ರಷ್ಷನ್ನು ಹರಿಯುತ್ತದೆ, ಗಾಳಿಯಲ್ಲಿ ಸದ್ದು ಮಾಡುತ್ತದೆ, ಪಕ್ಕದ ಮೈಯಲ್ಲಿದ್ದರೆ ನಡೆದುಹೋಗುವವರ ತೋಳನ್ನು ಗೀರುತ್ತದೆ. ಕಾರುಗಳ ಹೊರಚಾಚುಗಳ ಕುರಿತ ವಿಶ್ವಸಂಸ್ಥೆಯ 26ನೇ ನಿಯಮಾವಳಿ ಚಾಚಿದ ಭಾಗಗಳ ಅಂಚಿಗೆ ಕನಿಷ್ಠ 2.5 ಮಿ.ಮೀ. ತ್ರಿಜ್ಯದ ದುಂಡನ್ನು ಕೇಳುತ್ತದೆ, 5 ಮಿ.ಮೀ.ಗಿಂತ ಕಡಿಮೆ ಚಾಚಿದ್ದರೆ ಮೂಲೆಗಳನ್ನು ಮೊಂಡಾಗಿಸಿದರೆ ಸಾಕೆನ್ನುತ್ತದೆ. ಮಿನಿಬಸ್ಸು ಆ ನಿಯಮದಡಿ ಬರುವುದಿಲ್ಲವಾದರೂ, 5 ಮಿ.ಮೀ. ಒಳಗೆ ದುಂಡಗಿನ ತಲೆ ಎಂಬುದು ಹಿಡಿಯಬೇಕಾದ ಒಳ್ಳೆಯ ಅಳತೆ.

ತಲೆಯನ್ನು ತಗಡಿನ ಮಟ್ಟಕ್ಕೇ ಮುಳುಗಿಸುವ ಕೌಂಟರ್‌ಸಿಂಕ್ ಬೋಲ್ಟ್ ಹಾಕಬಾರದೇಕೆ? ಎಂ6 ಕೌಂಟರ್‌ಸಿಂಕ್ ತಲೆಯ ಆಳ 3 ಮಿ.ಮೀ. ದಾಟುತ್ತದೆ, ನಮ್ಮ ಮುಚ್ಚಳ ಇರುವುದೇ 2 ಮಿ.ಮೀ. ರಂಧ್ರದ ಅಂಚು ಚೂರಿಯ ಬಾಯಂತೆ ತೆಳುವಾಗಿ, ಅಲುಗಾಟಕ್ಕೆ ಸೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಓರೆ ಮುಖಕ್ಕೆ ಓರೆ ಮುಖ ಕೂತಲ್ಲಿ ರಬ್ಬರಿಗೆ ಅಳೆದ ಜಾಗವೇ ಉಳಿಯುವುದಿಲ್ಲ.

ತಲೆಯ ಅಡಿಯಲ್ಲಿ ಓ-ರಿಂಗಿಗೆ ತೋಡು ಕೊರೆಯುವುದು ಮತ್ತೊಂದು ದಾರಿ. ಆದರೆ 1.78 ಮಿ.ಮೀ. ದಪ್ಪದ ಪ್ರಚಲಿತ ಓ-ರಿಂಗಿಗೆ 1.4 ಮಿ.ಮೀ. ಆಳದ ತೋಡು ಬೇಕು. ಅಲೆನ್ ಕೀ ಕೂರುವ ಕುಳಿ ಸುಮಾರು 2 ಮಿ.ಮೀ.; ಎರಡೂ 3.3 ಮಿ.ಮೀ. ತಲೆಯಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಜಾಗವನ್ನು ತಲೆಯಲ್ಲಿ ಹುಡುಕದೆ ಮುಚ್ಚಳದಲ್ಲಿ ಹುಡುಕೋಣ. ರಂಧ್ರದ ಮೇಲಂಚನ್ನು 45 ಡಿಗ್ರಿಗೆ ಓರೆಯಾಗಿ ಸವರಿದರೆ, ಬೋಲ್ಟಿನ ನುಣುಪು ಮೈ ಒಂದು ಬದಿ, ತಲೆಯ ಅಡಿ ಇನ್ನೊಂದು ಬದಿ, ಸವರಿದ ಓರೆ ಮೂರನೆಯ ಬದಿಯಾಗಿ ಒಂದು ತ್ರಿಕೋನದ ಗೂಡು ಸಿಗುತ್ತದೆ.

ಲೆಕ್ಕ ಹೀಗಿದೆ. ಓ-ರಿಂಗಿನ ಒಳವ್ಯಾಸ 6 ಮಿ.ಮೀ., ದಪ್ಪ 1 ಮಿ.ಮೀ. ಗೂಡಿನ ಎರಡು ಲಂಬ ಬದಿಗಳೂ ತಲಾ 1.35 ಮಿ.ಮೀ. ಇರಲಿ. ಆ ತ್ರಿಕೋನದಲ್ಲಿ ಹಿಡಿಸುವ ಅತಿ ದೊಡ್ಡ ವೃತ್ತದ ವ್ಯಾಸ 0.79 ಮಿ.ಮೀ.; ರಿಂಗಿನದು 1 ಮಿ.ಮೀ. ಆದುದರಿಂದ ಅದು ಶೇ 21ರಷ್ಟು ಅದುಮಿಕೊಳ್ಳುತ್ತದೆ. ಅಲುಗದ ಜೋಡಣೆಗೆ ಶೇ 15ರಿಂದ 30ರವರೆಗಿನ ಅದುಮು ಸರಿಯಾದುದು. ಅದರ ಜೊತೆಗೆ ಇನ್ನೊಂದನ್ನೂ ನೋಡಬೇಕು. ರಬ್ಬರು ಆಕಾರ ಬದಲಿಸುತ್ತದೆಯೇ ಹೊರತು ಅದರ ಗಾತ್ರ ಕುಗ್ಗುವುದಿಲ್ಲ, ಹಾಗಾಗಿ ಸರಿದುಕೊಳ್ಳಲು ಸ್ವಲ್ಪ ಖಾಲಿ ಜಾಗ ಉಳಿಯಲೇಬೇಕು. ತ್ರಿಕೋನದ ಕ್ಷೇತ್ರಫಲ 0.91 ಚದರ ಮಿ.ಮೀ., ರಿಂಗಿನ ಅಡ್ಡಕೊಯ್ತದ್ದು 0.79. ಗೂಡು ಶೇ 86ರಷ್ಟು ತುಂಬುತ್ತದೆ, ಉಳಿದದ್ದು ರಬ್ಬರು ಕಾದು ಹಿಗ್ಗಲು.

ಇದರಿಂದ ಕೊರೆಯಬೇಕಾದ ಅಳತೆಗಳು ಬರುತ್ತವೆ: ರಂಧ್ರ 6.4 ಮಿ.ಮೀ., ಸವರಿದ ಮೇಲಂಚಿನ ವ್ಯಾಸ 8.7 ಮಿ.ಮೀ., ಸವರುವ ಆಳ 1.15 ಮಿ.ಮೀ. ಅಡಿಯಲ್ಲಿ 0.85 ಮಿ.ಮೀ. ನೇರ ಗೋಡೆ ಉಳಿಯುತ್ತದೆ. ಸಾದಾ ಬಟನ್ ತಲೆಯ ವ್ಯಾಸ 10.5 ಮಿ.ಮೀ. ಆದ್ದರಿಂದ ಗೂಡಿನ ಆಚೆ ಲೋಹಕ್ಕೆ ಲೋಹ ತಾಗುವ ಬಳೆ ಕೇವಲ 0.9 ಮಿ.ಮೀ. ಅಗಲ, ಅಲ್ಯೂಮಿನಿಯಂ ಅಲ್ಲಿ ಕುಸಿಯುವ ಸಂಭವವಿದೆ. ಅದೇ ಎತ್ತರದ, ಅಂಚಿರುವ ಬಟನ್ ತಲೆಯ ಬೋಲ್ಟಿನಲ್ಲಿ ವ್ಯಾಸ 13.6 ಮಿ.ಮೀ. ಇರುವುದರಿಂದ ಸುಮಾರು 2.5 ಮಿ.ಮೀ. ಅಗಲದ ಬಳೆ ಸಿಗುತ್ತದೆ. ಅದನ್ನೇ ಆರಿಸಬೇಕು. ತಲೆಯ ಕೆಳಗೆ ಮುಚ್ಚಳದ ದಪ್ಪದಷ್ಟು ಉದ್ದ ಮರೆಯಿಲ್ಲದ ನುಣುಪು ಮೈ ಕಡ್ಡಾಯ. ಮರೆಯ ಮೇಲೆ ಕೂತ ಓ-ರಿಂಗಿನ ಒಳಗಿನಿಂದ ನೀರು ಸುತ್ತಿಕೊಂಡು ಇಳಿಯುತ್ತದೆ. ಅಂಗಡಿಯಲ್ಲಿ ಇಂಥದ್ದು ಸಿಗದಿದ್ದರೆ ಪೀಣ್ಯದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಲೇತ್ ಇಟ್ಟುಕೊಂಡವರು ಚಿತ್ರ ಕೊಟ್ಟರೆ ಮಾಡಿಕೊಡುತ್ತಾರೆ.

ಓ-ರಿಂಗಿನ ರಬ್ಬರು ಇಪಿಡಿಎಂ ಎಂಬ ಕೃತಕ ರಬ್ಬರಾಗಿರಲಿ. ಬಿಸಿಲನ್ನೂ ಓಝೋನನ್ನೂ ಅದು ತಾಳುತ್ತದೆ. ಡೀಸೆಲ್ ಅಥವಾ ಎಣ್ಣೆ ಚೆಲ್ಲುವ ಜಾಗದಲ್ಲಿ ಮಾತ್ರ ಅದು ಉಬ್ಬಿ ಕೆಡುತ್ತದೆ, ಅಲ್ಲಿಗೆ ನೈಟ್ರೈಲ್ ರಬ್ಬರು ಬೇಕು. ಆದರೆ ನೈಟ್ರೈಲ್ ಬಿಸಿಲಿಗೆ ಬಿರುಕು ಬಿಡುವುದರಿಂದ ಚಾವಣಿಗೆ ಸಲ್ಲದು.

ನಾಲ್ಕನೆಯ ಹೆಜ್ಜೆ: ಗ್ಯಾಸ್ಕೆಟ್ಟಿಗೂ ತಡೆ

5 ಮಿ.ಮೀ. ದಪ್ಪದ, ನೀರು ಹೀರದ ಮುಚ್ಚಿದ ಗೂಡುಗಳ ಇಪಿಡಿಎಂ ಸ್ಪಂಜನ್ನು 3 ಮಿ.ಮೀ.ಗೆ ಅದುಮಬೇಕು. ರಿವೆಟ್ ನಟ್ಟಿನ ಅಂಚು 1.5 ಮಿ.ಮೀ. ದಪ್ಪವಿದ್ದರೆ, ಅದರ ಮೇಲೆ 1.5 ಮಿ.ಮೀ.ನ ಲೋಹದ ವಾಷರ್ ಇಟ್ಟಾಗ ಸರಿಯಾಗಿ 3 ಮಿ.ಮೀ. ತಡೆ ಸಿಗುತ್ತದೆ. ಮುಂದೆ ಯಾರು ಎಷ್ಟೇ ಬಲ ಹಾಕಿ ಬಿಗಿದರೂ ಸ್ಪಂಜು ಅದಕ್ಕಿಂತ ಹೆಚ್ಚು ಅದುಮಿಕೊಳ್ಳದು. ಬೋಲ್ಟುಗಳ ನಡುವಿನ ಅಂತರ 75ರಿಂದ 100 ಮಿ.ಮೀ. ಇರಲಿ. ಅದಕ್ಕಿಂತ ದೂರವಾದರೆ 2 ಮಿ.ಮೀ. ಮುಚ್ಚಳ ನಡುವೆ ಉಬ್ಬಿ ಸ್ಪಂಜು ಸಡಿಲವಾಗುತ್ತದೆ.

ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 40 ಡಿಗ್ರಿ ಏರಿಳಿತಕ್ಕೆ 60 ಸೆಂ.ಮೀ. ಮುಚ್ಚಳ ಮತ್ತು ಚಾವಣಿಯ ನಡುವೆ 0.26 ಮಿ.ಮೀ. ವ್ಯತ್ಯಾಸ, ನಡುವಿನಿಂದ ಅಳೆದರೆ ತಲಾ 0.13. ರಂಧ್ರದಲ್ಲಿ ಬೋಲ್ಟಿನ ಸುತ್ತ 0.2 ಮಿ.ಮೀ. ಬಿಟ್ಟಿರುವುದರಿಂದ ತೊಂದರೆಯಿಲ್ಲ. ಎರಡು ಮೀಟರ್ ಉದ್ದದ ಶೀಟಾದರೆ ಈ ವಿನ್ಯಾಸ ಸೋಲುತ್ತದೆ. ಅದಕ್ಕೆ ಎಳೆತ ತಾಳುವ ಅಂಟೇ ಸರಿ.

ಯಾವ ಲೋಹ?

ಭಿನ್ನ ಲೋಹಗಳು ಉಪ್ಪುನೀರಿನಲ್ಲಿ ತಾಗಿದಾಗ ಒಂದು ಮತ್ತೊಂದನ್ನು ತಿನ್ನುತ್ತದೆ. ದೊಡ್ಡ ಉಕ್ಕಿನ ತಗಡಿನಲ್ಲಿ ಪುಟ್ಟ ಅಲ್ಯೂಮಿನಿಯಂ ರಿವೆಟ್ ನಟ್ ಕೂರಿಸಿದರೆ, ಕರಾವಳಿಯ ಗಾಳಿಯಲ್ಲಿ ನಟ್ಟೇ ಕರಗುತ್ತದೆ. ನಟ್ಟು ಸತುವಿನ ಲೇಪದ ಉಕ್ಕಿನದಾಗಿರಲಿ. ಬೋಲ್ಟ್ ಸ್ಟೇನ್‌ಲೆಸ್ ಇರಬಹುದು. ದೊಡ್ಡ ಅಲ್ಯೂಮಿನಿಯಂ ಮುಚ್ಚಳಕ್ಕೆ ಸಣ್ಣ ಸ್ಟೇನ್‌ಲೆಸ್ ತಲೆಯಿಂದ ಆಗುವ ಹಾನಿ ಕಡಿಮೆ. ಆದರೂ ಮರೆಗೆ ಕಚ್ಚದಂತೆ ತಡೆಯುವ ಗ್ರೀಸನ್ನು ಒಂದು ತೊಟ್ಟು ಸವರಬೇಕು, ಅದು ರಬ್ಬರಿಗೆ ತಾಗದಂತೆ ನೋಡಿಕೊಳ್ಳಬೇಕು.

ಜೋಡಿಸುವ ಕ್ರಮ

ಕೊರೆದ ನಂತರ ರಂಧ್ರದ ಅಂಚಿನ ಮುಳ್ಳುಗಳನ್ನು ತೆಗೆದು, ಬರಿದಾದ ಉಕ್ಕಿಗೆ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆಯೇ ಸೀಲಂಟ್ ಮತ್ತು ನಟ್ ಕೂರಿಸಬೇಕು. ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಪ್ರೈಮರಿನದೇ. ಸೀಲಂಟ್ ಎಷ್ಟೇ ಒಳ್ಳೆಯದಿದ್ದರೂ ಅದರ ಅಡಿಯ ಉಕ್ಕು ತುಕ್ಕು ಹಿಡಿದರೆ ಪದರವೇ ಎದ್ದು ಬರುತ್ತದೆ. ಬೋಲ್ಟುಗಳನ್ನು ಮೊದಲು ಕೈಯಿಂದ ಎಲ್ಲವನ್ನೂ ಹಿಡಿಸಿ, ನಡುವಿನಿಂದ ಮೂಲೆಗಳತ್ತ, ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿಯಬೇಕು. ಎಷ್ಟು ಟಾರ್ಕ್ (ಬಿಗಿಯುವ ತಿರುಚುಬಲ) ಎಂಬುದನ್ನು ಗಟ್ಟಿ ಉಕ್ಕಿನ ಎಂ6 ಬೋಲ್ಟಿಗೆಂದು ಬರೆದ ಪಟ್ಟಿಯಿಂದ ತೆಗೆದುಕೊಳ್ಳಬಾರದು. ಅದೇ ದಪ್ಪದ ಗುಜರಿ ತಗಡಿನಲ್ಲಿ ನಾಲ್ಕಾರು ನಟ್ ಕೂರಿಸಿ, ತಿರುಗುವವರೆಗೂ ಬಿಗಿದು ನೋಡಿ, ಅವುಗಳಲ್ಲಿ ಅತಿ ಕಡಿಮೆ ಬಂದ ಅಂಕಿಯ ಅರ್ಧದಷ್ಟನ್ನು ಇಟ್ಟುಕೊಳ್ಳುವುದು ನನ್ನ ಪದ್ಧತಿ.

ಪರೀಕ್ಷೆ

ಹೋಸ್ ಹಿಡಿದು ಎಲ್ಲ ಕಡೆ ಒಮ್ಮೆಲೇ ನೀರು ಎರಚುವುದರಿಂದ ಸೋರುತ್ತದೆ ಎಂದು ತಿಳಿಯುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ. ಚಾವಣಿಯೊಳಗೆ ಇಳಿದ ಹನಿ ಕೊಳವೆಯ ಗುಂಟ ಹರಿದು ಒಂದು ಮೀಟರ್ ಆಚೆ ತೊಟ್ಟಿಕ್ಕಬಹುದು. ಆದುದರಿಂದ ಒಳಗಿನ ಹೊದಿಕೆ ಹಾಕುವ ಮೊದಲೇ ಪರೀಕ್ಷಿಸಬೇಕು. ಪ್ರತಿ ನಟ್ಟಿನ ತಳಕ್ಕೆ ಒಣ ಕಾಗದದ ಚೂರು ಅಂಟಿಸಿ, ತಗ್ಗಿನ ಅಂಚಿನಿಂದ ಆರಂಭಿಸಿ ಒಂದೊಂದೇ ಸಾಲಿಗೆ ಕೆಲವು ನಿಮಿಷ ನೀರು ಬಿಡುತ್ತ ಮೇಲಕ್ಕೆ ಸಾಗಬೇಕು. ಎರಡನೆಯ ಬಗೆಯಲ್ಲಿ ನೀರೇ ಬೇಡ: ಕಿಟಕಿ ಬಾಗಿಲು ಮುಚ್ಚಿ, ಹೊರಗಾಳಿ ಎಳೆದುಕೊಳ್ಳುವಂತೆ ಬ್ಲೋವರನ್ನು ಪೂರ್ತಿ ಚಾಲೂ ಮಾಡಿ, ಹೊರಗಿನಿಂದ ಮುಚ್ಚಳದ ಅಂಚಿಗೂ ಬೋಲ್ಟುಗಳ ಸುತ್ತಲೂ ಸಾಬೂನು ನೀರು ಹಚ್ಚಬೇಕು. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ.

ಪರೀಕ್ಷೆಯನ್ನು ಬಸ್ಸು ತಣ್ಣಗಿರುವಾಗ ಒಮ್ಮೆ, ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆ ನಿಲ್ಲಿಸಿದ ತಕ್ಷಣ ಇನ್ನೊಮ್ಮೆ ಮಾಡಬೇಕು. ಎರಡನೆಯ ಸಲ ಮಾತ್ರ ಕಾಗದ ಒದ್ದೆಯಾದರೆ ಓ-ರಿಂಗನ್ನು ದೂರುವ ಮುನ್ನ ಕೊಳವೆಯ ಗಾಳಿರಂಧ್ರ ಬಣ್ಣದಿಂದಲೋ ಸೀಲಂಟಿನಿಂದಲೋ ಮುಚ್ಚಿದೆಯೇ ಎಂದು ತಂತಿ ಹಾಕಿ ನೋಡಿ.